ಮನೆಯಲ್ಲಿ ಕ್ಯಾನ್ಸರ್ ಆರೈಕೆ: ಮಾರ್ಫಿನ್ ಮಾತ್ರೆಯೂ ಒಂದು ನೋಟ್‌ಬುಕ್ಕೂ

ಕ್ಯಾನ್ಸರ್ ರೋಗಿಯನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು, ವೈದ್ಯರು 4 ಗಂಟೆಗೊಮ್ಮೆ ಎಂದು ಬರೆದುಕೊಟ್ಟ ಮಾರ್ಫಿನ್ (ತೀವ್ರ ನೋವನ್ನು ತಗ್ಗಿಸುವ ಔಷಧಿ) ಮಾತ್ರೆಯನ್ನು ನೋವು ಬಂದ ಮೇಲೆ ಕೊಡೋಣವೆಂದು ಕಾಯದೆ, ಗಡಿಯಾರ ನೋಡಿಕೊಂಡೇ ಕೊಡಬೇಕು. ಒಮ್ಮೆ ಏರಿದ ನೋವನ್ನು ಇಳಿಸುವುದು ಕಷ್ಟ. ಆದರೆ ತೀರಾ ಮಂಪರು ಕಂಡರೆ ಮುಂದಿನ ಮಾತ್ರೆಗೆ ಮುನ್ನ ವೈದ್ಯರಿಗೆ ಕರೆ ಮಾಡಿ. ಮಾರ್ಫಿನ್‌ನಿಂದ ಮಲಬದ್ಧತೆ ಸಾಮಾನ್ಯವಾದ್ದರಿಂದ ಅದಕ್ಕೂ ಔಷಧಿಯನ್ನು ಮೊದಲ ದಿನವೇ ಕೇಳಿ ಪಡೆಯಿರಿ. ನಮ್ಮ ತಾಯಿಯವರ ತಲೆದಿಂಬಿನ ಬಳಿ, ದಾರದಲ್ಲಿ ಪೆನ್ನು ಕಟ್ಟಿದ ನೋಟ್‌ಬುಕ್ ಇರುತ್ತಿತ್ತು: ಮಾತ್ರೆ ಕೊಟ್ಟ ಹೊತ್ತು, 10ಕ್ಕೆ ನೋವೆಷ್ಟು, ಗಂಜಿ ಎಷ್ಟು ಲೋಟ. ಇದರಿಂದಾಗಿ ನಡುರಾತ್ರಿ ಸರದಿಗೆ ಬಂದ ಅತ್ತಿಗೆ ಯಾರನ್ನೂ ಎಬ್ಬಿಸಿ ಕೇಳಬೇಕಾಗುತ್ತಿರಲಿಲ್ಲ. ಬೆಂಗಳೂರಿನವರಾದರೆ, 1994ರಲ್ಲಿ ಆರಂಭವಾದ ಕರುಣಾಶ್ರಯ ಎಂಬ ಕ್ಯಾನ್ಸರ್ ಆರೈಕೆ ಸಂಸ್ಥೆಯ ತಂಡವು ಮನೆಗೇ ಬಂದು ಉಚಿತವಾಗಿ ಆರೈಕೆ ನೀಡುತ್ತದೆ. ಕೊನೆಯ ದಿನಗಳವರೆಗೆ ಕಾಯದೆ ಮೊದಲೇ ವಿಚಾರಿಸಿ.