ಅಂಜಲ್ ಅನ್ನ: ಒಂದೇ ಪಾತ್ರೆ, ಮೀನು ಕೊನೆಗೆ

ನಮ್ಮದು ಕುಂದಾಪುರದ ಕಡೆ. ಊರಲ್ಲಿ ಅನ್ನ ಬೇರೆ, ಮೀನು ಸಾರು ಬೇರೆ. ಎರಡನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸುತ್ತೇನೆ ಅಂದರೆ ದೊಡ್ಡಮ್ಮ ಈಗಲೂ ನಗುತ್ತಾರೆ. ಆದರೆ ಬೆಂಗಳೂರಲ್ಲಿ ರಾತ್ರಿ ಎಂಟೂವರೆಗೆ ಮನೆ ಸೇರಿ, ಕಾಯಿ ತುರಿದು, ಮಸಾಲೆ ರುಬ್ಬಿ, ಮೂರು ಪಾತ್ರೆ ತೊಳೆಯುವ ತಾಕತ್ತು ನನಗಿಲ್ಲ.

ಮೊದಲ ಸಲ ಮಾಡಿದ್ದು ಕುಕ್ಕರಿನಲ್ಲಿ, ಬಂಗುಡೆ ಹಾಕಿ. ಎರಡು ವಿಷಲ್ ಕೂಗಿಸಿದೆ. ಮುಚ್ಚಳ ತೆಗೆದರೆ ಮೀನೇ ಕಾಣಲಿಲ್ಲ, ಅನ್ನದ ತುಂಬಾ ಮುಳ್ಳು. ಪ್ರತಿ ತುತ್ತನ್ನೂ ಬೆರಳಲ್ಲಿ ತಡಕಿ ತಡಕಿ ಸಾಕಾಗಿ, ಕೊನೆಗೆ ಬ್ರೆಡ್ ತಿಂದು ಮಲಗಿದೆವು.

ಅಮ್ಮನಿಗೆ ಫೋನ್ ಮಾಡಿದೆ. "ಎರಡೂ ಒಟ್ಟಿಗೆ ಹಾಕ್ರೆ ಮತ್ತೆಂತ ಆತ್ತ್ ಮಾರಾಯಾ? ಮೀನ್ ಬಿದ್ದ್ ಮೇಲೆ ಸೌಟ್ ಹಾಕುಕಾಗ ಕಾಣ್" ಅಂದರು. ಮೀನು ಬಿದ್ದ ಮೇಲೆ ಸೌಟು ಹಾಕಬಾರದು ಅಂತ. ವಿಷಯ ಇಷ್ಟೇ. ಅಕ್ಕಿಗೆ ಹೆಚ್ಚು ಹೊತ್ತು ಬೇಕು, ಬೆರಳು ದಪ್ಪದ ಮೀನಿಗೆ ಏಳೆಂಟು ನಿಮಿಷ ಸಾಕು.

ಈಗ ಅಂಜಲ್ ಮೀನು (ಸುರ್ಮೈ) ತರುತ್ತೇನೆ. ದುಬಾರಿ ನಿಜ, ಆದರೆ ನಡುಮುಳ್ಳು ಬಿಟ್ಟರೆ ಜಾಸ್ತಿ ಮುಳ್ಳಿಲ್ಲ, ತುಂಡು ಗಟ್ಟಿಯಾಗಿ ನಿಲ್ಲುತ್ತದೆ. ಇಬ್ಬರಿಗೆ ನಾಲ್ಕು ತುಂಡು, ಸುಮಾರು 350 ಗ್ರಾಂ. ಅಕ್ಕಿ ಒಂದು ಲೋಟ ಸೋನಾ ಮಸೂರಿ. ಕುಚ್ಚಲಕ್ಕಿ ಇದಕ್ಕಲ್ಲ, ಅದು ಬೇಯುವಷ್ಟರಲ್ಲಿ ನಿದ್ದೆ ಬಂದಿರುತ್ತದೆ.

ಚಪ್ಪಲಿ ಬಿಟ್ಟ ಕೂಡಲೇ ಅಕ್ಕಿ ತೊಳೆದು ನೆನೆಹಾಕುತ್ತೇನೆ, 20 ನಿಮಿಷ. ಆ ಹೊತ್ತಲ್ಲಿ ಮೀನಿಗೆ ಉಪ್ಪು, ಅರಿಶಿನ, ಒಂದೂವರೆ ಚಮಚ ಬ್ಯಾಡಗಿ ಮೆಣಸಿನ ಪುಡಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಕಿವುಚಿದ ದಪ್ಪ ರಸ ಸವರಿ ಇಡುತ್ತೇನೆ. ಹುಳಿ ಮೀನಿಗೇ ಹೋಗಬೇಕು, ಅನ್ನದ ನೀರಿಗಲ್ಲ. ಒಮ್ಮೆ ಹುಣಸೆರಸವನ್ನೆಲ್ಲ ನೀರಿಗೆ ಸುರಿದಿದ್ದೆ. ನೀರು ಇಂಗಿತು, ಅಕ್ಕಿಯ ನಡುವೆ ಮಾತ್ರ ಬಿಳಿ ಚುಕ್ಕೆ ಹಾಗೇ ಉಳಿದಿತ್ತು. ಹುಳಿ ಇದ್ದರೆ ಅಕ್ಕಿ ಮೆತ್ತಗಾಗಲು ತಡ ಮಾಡುತ್ತದೆ.

ಪಾತ್ರೆ ಅಗಲ ಬಾಯಿಯದು, ದಪ್ಪ ತಳದ್ದು. ಎರಡು ಚಮಚ ತೆಂಗಿನೆಣ್ಣೆ, ಏಳೆಂಟು ಮೆಂತ್ಯ ಕಾಳು. ಮೆಂತ್ಯ ಕೆಂಪಾದರೆ ಸಾಕು, ಕಪ್ಪಾದರೆ ಊಟವೆಲ್ಲ ಕಹಿ. ಆಮೇಲೆ ಜಜ್ಜಿದ ಬೆಳ್ಳುಳ್ಳಿ, ಶುಂಠಿ, ಕರಿಬೇವು, ಎರಡು ಈರುಳ್ಳಿ, ಒಂದು ಟೊಮೆಟೊ, ಒಂದು ಚಮಚ ಕೊತ್ತಂಬರಿ ಪುಡಿ. ಟೊಮೆಟೊ ಕರಗಿದ ಮೇಲೆ ನೀರು ಬಸಿದ ಅಕ್ಕಿ ಹಾಕಿ ಒಂದು ನಿಮಿಷ ಹುರಿಯುತ್ತೇನೆ. ಒಂದೂಕಾಲು ಲೋಟ ನೀರು, ಅರ್ಧ ಲೋಟ ತೆಳು ಕಾಯಿಹಾಲು, ಉಪ್ಪು. ಗಟ್ಟಿ ಹಾಲು ಹಾಕಿದರೆ ಬೇಗ ತಳ ಹಿಡಿಯುತ್ತದೆ. ಕುದಿ ಬಂದ ಮೇಲೆ ಮುಚ್ಚಿ, ಉರಿ ಸಣ್ಣ.

ಒಂಬತ್ತು ಹತ್ತು ನಿಮಿಷಕ್ಕೆ ಮುಚ್ಚಳ ತೆಗೆದು ನೋಡಿ. ನೀರು ಅಕ್ಕಿಯ ಮಟ್ಟಕ್ಕೆ ಇಳಿದು, ಮೇಲೆ ಸಣ್ಣ ಸಣ್ಣ ತೂತು ಬಿದ್ದು, ಅದರಿಂದ ಬುಳುಬುಳು ಅಂತ ಹಬೆ ಬರುತ್ತಿರಬೇಕು. ಮೀನು ಇಡುವ ಹೊತ್ತು ಅದೇ. ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಅರ್ಧ ಅನ್ನದೊಳಗೆ ಹೋಗುವಂತೆ ಮೆಲ್ಲಗೆ ಒತ್ತುತ್ತೇನೆ. ಬಟ್ಟಲಲ್ಲಿ ಉಳಿದ ಮಸಾಲೆಗೆ ಎರಡು ಚಮಚ ನೀರು ಹಾಕಿ ತೊಳೆದು ಮೇಲೆ ಸುರಿಯುತ್ತೇನೆ. ಮುಚ್ಚಿ ಏಳು ನಿಮಿಷ. ಉರಿ ಆರಿಸಿ ಇನ್ನೂ ಹತ್ತು ನಿಮಿಷ ಮುಟ್ಟುವ ಹಾಗಿಲ್ಲ. ಕಷ್ಟ ಇರುವುದು ಇಲ್ಲೇ, ಯಾಕಂದರೆ ಘಮ ಅಷ್ಟೊತ್ತಿಗೆ ಹಾಲ್ ತನಕ ಬಂದಿರುತ್ತದೆ.

ಬಡಿಸುವಾಗ ಮೊದಲು ಮೀನನ್ನು ಚಪ್ಪಟೆ ಸೌಟಲ್ಲಿ ಎತ್ತಿ ತಟ್ಟೆಗಿಡಿ, ಆಮೇಲೆ ಅನ್ನ ಬಿಡಿಸಿ. ಇದನ್ನು ಬಿರಿಯಾನಿ ಅಂತ ಮಾತ್ರ ಕರೆಯಬೇಡಿ, ಬಿರಿಯಾನಿ ಮಾಡುವವರಿಗೆ ಬೇಜಾರಾಗುತ್ತದೆ.

ಜೂನ್, ಜುಲೈನಲ್ಲಿ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಇಲ್ಲಿ ಅಂಜಲ್ ರೇಟು ಕೇಳಿದರೇ ಹೊಟ್ಟೆ ತುಂಬುತ್ತದೆ. ಆ ಎರಡು ತಿಂಗಳು ಅದೇ ಪಾತ್ರೆಗೆ ಸಿಗಡಿ ಹಾಕುತ್ತೇನೆ. ಅದಕ್ಕೆ ನಾಲ್ಕೇ ನಿಮಿಷ, ಮತ್ತೆ ತಳದ ಸೀಕು ಯಾರಿಗೆ ಅನ್ನುವ ಜಗಳ ಮಾಮೂಲಿ.