ಉಳಿದ ದುಡ್ಡು ನಿಮ್ಮದೇ: ತರಕಾರಿ ಚೀಲ ಮಕ್ಕಳ ಕೈಗೆ ಕೊಟ್ಟ ನನ್ನ ಅನುಭವ

ಮಕ್ಕಳ ಕೈಗೆ ದುಡ್ಡು ಕೊಟ್ಟರೆ ಕೆಟ್ಟುಹೋಗ್ತಾರೆ ಅಂತ ನಮ್ಮತ್ತೆ ಹೇಳಿದ್ದರು. ನಾದಿನಿಯೂ ಅದನ್ನೇ ಹೇಳಿದ್ದರು. 2025ರ ಜುಲೈಯಲ್ಲಿ ಪೋಸ್ಟಾಫೀಸಿನ ಆರ್‌ಡಿ ಮುಗಿದು 48 ಸಾವಿರ ಚಿಲ್ಲರೆ ಬಂತು. ಇಬ್ಬರಿಗೂ ಪಾಸ್‌ಬುಕ್ ತೋರಿಸಿದೆ. ಅಷ್ಟೂ ತರಕಾರಿ ದುಡ್ಡಲ್ಲಿ ಉಳಿಸಿದ್ದು!

ನಾವಿರುವುದು ಮೈಸೂರಿನಲ್ಲಿ. ಯಜಮಾನರಿಗೆ ಫ್ಯಾಕ್ಟರಿ ಕೆಲಸ, ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಗನಿಗೆ 16, ಮಗಳಿಗೆ 13.

ಮೊದಲು ಎಲ್ಲರ ಹಾಗೆ ಮಣ್ಣಿನ ಹುಂಡಿ ತಂದೆ. 2017ರ ಸಂಕ್ರಾಂತಿಗೆ ಒಡೆದು ನೋಡಿದರೆ ಚಿಲ್ಲರೆ ಜೊತೆ ಹಳೆಯ 500ರ ನೋಟು ಎರಡು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಅಂತ ಅತ್ತೆ ಯಾರಿಗೂ ಹೇಳದೆ ಹಾಕಿದ್ದರಂತೆ. ನೋಟು ರದ್ದಾಗಿದ್ದು ನವೆಂಬರಿನಲ್ಲಿ, ಬ್ಯಾಂಕಿಗೆ ಕಟ್ಟುವ ಗಡುವು ಡಿಸೆಂಬರ್ 30ಕ್ಕೇ ಮುಗಿದಿತ್ತು. ಒಂದು ನೋಟು ಇನ್ನೂ ಆಲ್ಬಮ್ಮಿನಲ್ಲಿದೆ.

ಆಮೇಲೆ ಕೆಲಸಕ್ಕೆ ಕೂಲಿ ಶುರು ಮಾಡಿದೆ. ಪಾತ್ರೆ ಜೋಡಿಸಿದರೆ 2 ರೂಪಾಯಿ, ಗಿಡಕ್ಕೆ ನೀರು ಹಾಕಿದರೆ 1 ರೂಪಾಯಿ. ಒಂದು ತಿಂಗಳೂ ಆಗಿರಲಿಲ್ಲ, ಅಜ್ಜಿ ಒಂದು ಲೋಟ ನೀರು ಕೇಳಿದರೆ ಮಗ "ಎಷ್ಟು ಕೊಡ್ತೀರ?" ಅಂದ. ಅವತ್ತೇ ನಿಲ್ಲಿಸಿದೆ. ಅತ್ತೆ ಅದನ್ನು ಇವತ್ತಿಗೂ ಮರೆತಿಲ್ಲ.

ನನ್ನ ಉಳಿತಾಯದ ಕಥೆ ಇನ್ನೂ ಚೆನ್ನಾಗಿದೆ. ಅದೇ ವರ್ಷ ಬೀದಿಯಲ್ಲಿ ಚೀಟಿ ಸೇರಿದ್ದೆ. 20 ಜನ, ತಿಂಗಳಿಗೆ 2 ಸಾವಿರ. ಹನ್ನೊಂದು ಕಂತು ಕಟ್ಟಿದ್ದೆ, ಚೀಟಿ ನಡೆಸುತ್ತಿದ್ದಾಕೆ ಮನೆ ಖಾಲಿ ಮಾಡಿಕೊಂಡು ಹೋದರು. 22 ಸಾವಿರ ಹೋಯಿತು. ಮಕ್ಕಳಿಂದ ಮುಚ್ಚಿಡಲಿಲ್ಲ, ಕೂರಿಸಿಕೊಂಡು ಹೇಳಿದೆ. ಸುಕನ್ಯಾ ಸಮೃದ್ಧಿ ಖಾತೆ ಒಂದು ಇಲ್ಲದಿದ್ದರೆ ಅವತ್ತು ಮಗಳ ಹೆಸರಲ್ಲಿ ಏನೂ ಇರುತ್ತಿರಲಿಲ್ಲ. ಅದನ್ನು 2015ರಲ್ಲೇ ತೆರೆದಿದ್ದೆ. ಆಗ ಬಡ್ಡಿ ಒಂಬತ್ತರ ಮೇಲಿತ್ತು, ಈಗ ಎಂಟು ಚಿಲ್ಲರೆ.

ತರಕಾರಿ ವಿಷಯ ಶುರುವಾಗಿದ್ದು 2019ರಲ್ಲಿ. ಎಂ.ಜಿ. ರಸ್ತೆ ಮಾರ್ಕೆಟ್ಟಿನಲ್ಲಿ ನಾನು ವಾರಕ್ಕೆ 500-550 ಖರ್ಚು ಮಾಡುತ್ತಿದ್ದೆ. ಮಗನ ಕೈಗೆ 380 ಕೊಟ್ಟು, "ವಾರದ ತರಕಾರಿ ತಾ, ಉಳಿದದ್ದು ನಿಮ್ಮಿಬ್ಬರದು" ಅಂದೆ. ನಾನು ಮೊದಲೇ 150 ತೆಗೆದಿಟ್ಟಿದ್ದೆ ಅಂತ ಅವನಿಗೆ ಗೊತ್ತಿಲ್ಲ. ಇಲ್ಲಿ ಓದಿದರೆ ಗೊತ್ತಾಗುತ್ತೆ, ಆಗಲಿ ಬಿಡಿ.

ಮೊದಲ ವಾರ ಏನು ತಂದ ಹೇಳಿ? ಆಲೂಗಡ್ಡೆ, ಈರುಳ್ಳಿ, ಒಂದು ದೊಡ್ಡ ಸಿಹಿಗುಂಬಳ. ಜೇಬಿನಲ್ಲಿ 210 ರೂಪಾಯಿ! ನಾನು ಬೈಯಲಿಲ್ಲ. ಏಳು ದಿನ ಅದನ್ನೇ ಬೇಯಿಸಿ ಹಾಕಿದೆ. ನಾಲ್ಕನೇ ದಿನ ಮಗಳು ತಟ್ಟೆ ತಳ್ಳಿದಳು, ಯಜಮಾನರು ಹೋಟೆಲಿನಿಂದ ಪಲ್ಯ ತರಲು ನೋಡಿದರು, ಬಿಡಲಿಲ್ಲ. ಎರಡನೇ ವಾರದಿಂದ ಕಾನೂನು: ಎರಡು ಬಗೆ ಸೊಪ್ಪು, ನಾಲ್ಕು ಬಗೆ ತರಕಾರಿ. ಮೂರನೇ ವಾರ ಸಂಜೆ ಕಡಿಮೆಗೆ ಸಿಕ್ತು ಅಂತ 3 ಕೆಜಿ ಟೊಮೇಟೊ ತಂದ, ಅರ್ಧ ಕೊಳೆತು ಹೋಯಿತು. ಕೊಳೆತದ್ದರ ಲೆಕ್ಕ ಅವರ ಪಾಲಿನಲ್ಲೇ ಕಳೆದೆ. ಇಬ್ಬರೂ ಅತ್ತರು. ಅತ್ತೆ ಸೆರಗಿನ ಗಂಟಿನಿಂದ 50 ರೂಪಾಯಿ ತೆಗೆದರು, ಅದನ್ನೂ ತಡೆದೆ. ನನ್ನನ್ನು ರಾಕ್ಷಸಿ ಅಂದುಕೊಂಡಿರಬೇಕು.

ಸುಮಾರು ಮೂರು ತಿಂಗಳಲ್ಲಿ ದಾರಿಗೆ ಬಂದರು. ಯಾವ ಅಂಗಡಿಗೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ ಮಗ ಕಂಡುಕೊಂಡ. ಅದನ್ನು ಬರೆಯಲ್ಲ, ನೀವೆಲ್ಲ ಅಲ್ಲೇ ಬಂದು ನಿಲ್ಲುತ್ತೀರ! ಮಗಳು ತಕ್ಕಡಿ ಮೇಲಿಂದ ಕಣ್ಣು ತೆಗೆಯುವುದಿಲ್ಲ. "ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಅತ್ತೆ ದಿನಾ ಹೇಳುತ್ತಿದ್ದರು, ಒಬ್ಬರೂ ಕೇಳಿಸಿಕೊಂಡಿರಲಿಲ್ಲ. 2023ರ ಜುಲೈಯಲ್ಲಿ ಟೊಮೇಟೊ ಕೆಜಿಗೆ 100 ದಾಟಿದಾಗ ಮಗಳೇ ಬಂದು, "ಅಮ್ಮ, ಹುಣಸೆಹಣ್ಣು ಇದೆಯಲ್ವಾ?" ಅಂದಳು. ಆ ತಿಂಗಳೆಲ್ಲ ಹುಣಸೆಹುಳಿ ಸಾರು.

ನಾನು ತೆಗೆದಿಟ್ಟ ದುಡ್ಡು ಮೊದಲು ಡಬ್ಬಿಯಲ್ಲಿತ್ತು. ಡಬ್ಬಿ ದುಡ್ಡು ನಿಲ್ಲುವುದಿಲ್ಲ, ನಿಮಗೂ ಗೊತ್ತು. 2020ರ ಜುಲೈಯಲ್ಲಿ ತಿಂಗಳಿಗೆ 700ರ ಆರ್‌ಡಿ ಮಾಡಿದೆ. ಮಧ್ಯದಲ್ಲಿ ಎರಡು ಕಂತು ತಪ್ಪಿ ದಂಡ ಕಟ್ಟಿದ್ದೂ ಇದೆ. ಮಗನ ಪಿಯುಸಿ ಫೀಸಿನ ಮೊದಲ ಕಂತಿಗೆ ಅದು ಸಿಗಲಿಲ್ಲ, ಒಂದೂವರೆ ತಿಂಗಳು ತಡವಾಯಿತು. ಎರಡನೇ ಕಂತು ಅದರಲ್ಲೇ ಕಟ್ಟಿದ್ದು. ಮಕ್ಕಳ ಪಾಲು ಬೇರೆ. ಹತ್ತು ತುಂಬಿದ ಮೇಲೆ ಇಬ್ಬರಿಗೂ ಅವರವರ ಹೆಸರಲ್ಲೇ ಪೋಸ್ಟಾಫೀಸ್ ಖಾತೆ ಮಾಡಿಸಿದೆ, ಸಹಿಯೂ ಅವರದೇ. ಮಗನ ಖಾತೆಯಲ್ಲಿ ಎಷ್ಟಿದೆ ಅಂತ ನನಗೆ ಹೇಳುವುದಿಲ್ಲ.

ಇದೇ ಉಪಾಯ ಕರೆಂಟಿಗೂ ಹಾಕಿ ನೋಡಿದೆ. ಬಿಲ್ಲಲ್ಲಿ ಇಳಿದದ್ದರ ಅರ್ಧ ಅವರಿಗೆ ಅಂದೆ. ಮಗಳು ದಿನಾ ಮೀಟರ್ ಓದಿ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದಳು. ಚೆನ್ನಾಗಿಯೇ ನಡೆಯುತ್ತಿತ್ತು. 2023ರ ಆಗಸ್ಟಿನಲ್ಲಿ ಗೃಹಜ್ಯೋತಿ ಬಂತು, ಬಿಲ್ಲು ಸೊನ್ನೆ. ಸೊನ್ನೆಯಲ್ಲಿ ಅರ್ಧ ಎಷ್ಟು? ಎರಡೇ ತಿಂಗಳಿಗೆ ಫ್ಯಾನು ಹಾಕಿಟ್ಟೇ ಹೊರಗೆ ಹೋಗತೊಡಗಿದರು. ನಮಗೆ ಪುಕ್ಕಟೆ ಸಿಕ್ಕಿದ್ದು ನೂರು ಚಿಲ್ಲರೆ ಯುನಿಟ್. ದಾಟಿದ ಯುನಿಟ್ಟಿಗೆ ಬಿಲ್ ಬರುತ್ತದಲ್ಲ, ಅದನ್ನು ತರಕಾರಿ ಪಾಲಿನಲ್ಲಿ ಕಳೆಯುತ್ತೇನೆ ಅಂದ ಮೇಲೆ ಸ್ವಿಚ್ಚು ನೆನಪಾಯಿತು.

ವಾರದ ದುಡ್ಡು ಸಾಲದೆ ಬಂದರೆ ನಾನೇನು ಮಾಡುತ್ತೇನೆ ಅಂತ ಕೇಳಬೇಡಿ. ಅದಕ್ಕೊಂದು ದಾರಿ ಇದೆ, ಮಕ್ಕಳೂ ಇದನ್ನು ಓದುತ್ತಾರಲ್ಲ, ಹೇಳುವ ಹಾಗಿಲ್ಲ.

ಈಗ ಚೀಲ ಮಗಳ ಕೈಲಿದೆ, ವಾರಕ್ಕೆ 560. ಮೊನ್ನೆ ನಾಲ್ಕು ತಿಂಗಳ ರೇಟು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಂದು 640 ಕೇಳಿದಳು. ನಾನು 590ಕ್ಕೆ ನಿಂತಿದ್ದೇನೆ. ಭಾನುವಾರ ಮತ್ತೆ ಕೂರಬೇಕು. ಈ ಸಲ ಅತ್ತೆ ಅವಳ ಪಕ್ಷ.