ಸೈಟಿನ ಮಣ್ಣಲ್ಲೇ ಮನೆಗೆ ಇಟ್ಟಿಗೆ ಮಾಡಿಕೊಳ್ಳುವುದು ಹೇಗೆ

ಪಾಯ ತೋಡಿದಾಗ ಬಂದ ಮಣ್ಣನ್ನು ನಾವೇ ದುಡ್ಡು ಕೊಟ್ಟು ಟ್ರ್ಯಾಕ್ಟರಿನಲ್ಲಿ ಹೊರಗೆ ಸಾಗಿಸುತ್ತೇವೆ. ಆಮೇಲೆ ಇನ್ನೆಲ್ಲೋ ಮಣ್ಣು ತೆಗೆದು, ಗೂಡಿನಲ್ಲಿ ದಿನಗಟ್ಟಲೆ ಉರಿ ಹಾಕಿ ಸುಟ್ಟ ಇಟ್ಟಿಗೆಯನ್ನು ಲಾರಿಯಲ್ಲಿ ತರಿಸುತ್ತೇವೆ. ತುಮಕೂರಿನ ಹತ್ತಿರ ನಾವು ಮನೆ ಕಟ್ಟಿಸುವಾಗ ಇದು ಬೇಡ ಅನ್ನಿಸಿತು. ಅಲ್ಲಿನ ಕೆಂಪು ಮಣ್ಣಿಗೇ ಸ್ವಲ್ಪ ಸಿಮೆಂಟ್ ಸೇರಿಸಿ, ಮೆಷಿನ್‌ನಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡಿಸಿದೆವು. ಇದನ್ನೇ ಮಡ್ ಬ್ಲಾಕ್ ಅನ್ನುವುದು.

ಮಣ್ಣಿನ ಮನೆ ಮಳೆಗೆ ಕರಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ಸರಿಯಾಗಿ ಮಾಡಿದರೆ ಕರಗುವುದಿಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಶುರುವಾದ ‘ಅಸ್ತ್ರ’ (ASTRA) ಎಂಬ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇದಕ್ಕೆ ಐಎಸ್ 1725 ಎಂಬ ಭಾರತೀಯ ಮಾನದಂಡವೂ ಇದೆ.

ಮೆಷಿನ್ ಬಾಡಿಗೆಗೆ ಹುಡುಕುವ ಮುಂಚೆ ಮಣ್ಣು ನೋಡಿ. ಮೇಲಿನ ಒಂದಡಿ ಮಣ್ಣಿನಲ್ಲಿ ಬೇರು, ಎಲೆ, ಗೊಬ್ಬರ ಇರುತ್ತದೆ. ಅದನ್ನು ಬೇರೆ ಗುಡ್ಡೆ ಹಾಕಿ, ಗಿಡಗಳಿಗೆ ಆಗುತ್ತದೆ. ಅದರ ಕೆಳಗಿನ ಮಣ್ಣನ್ನು ನೇರ ಗೋಡೆಯ ಗಾಜಿನ ಬಾಟಲಿಗೆ ಕಾಲು ಭಾಗ ಹಾಕಿ, ನೀರು ತುಂಬಿಸಿ, ಒಂದು ಚಿಟಿಕೆ ಉಪ್ಪು ಹಾಕಿ ಚೆನ್ನಾಗಿ ಕುಲುಕಿ ಇಡಿ. ಒಂದು ಗಂಟೆ ಬಿಟ್ಟು ಇನ್ನೊಮ್ಮೆ ಕುಲುಕಿ, ಆಮೇಲೆ ಮಾರನೇ ದಿನದ ತನಕ ಮುಟ್ಟಬೇಡಿ. ಮರಳು ತಳಕ್ಕೆ ಕೂರುತ್ತದೆ, ಅದರ ಮೇಲೆ ನುಣುಪು ಧೂಳು, ಎಲ್ಲಕ್ಕಿಂತ ಮೇಲೆ ಜಿಗುಟು ಮಣ್ಣು. ಸ್ಕೇಲ್ ಹಿಡಿದು ಅಳೆಯಿರಿ. ತಳಕ್ಕೆ ಕೂತ ಮಣ್ಣು ಒಟ್ಟು 10 ಸೆಂ.ಮೀ. ಇದ್ದರೆ ಮರಳು ಸುಮಾರು ಆರೂವರೆ ಇರಬೇಕು, ಜಿಗುಟು ಒಂದರಿಂದ ಒಂದೂವರೆ ಸಾಕು. ನಮ್ಮ ಬಾಟಲಿಯಲ್ಲಿ ಜಿಗುಟೇ ಜಾಸ್ತಿ ಇತ್ತು, ನಮ್ಮ ಕಡೆಯ ಕೆಂಪು ಮಣ್ಣು ಹೆಚ್ಚಾಗಿ ಹಾಗೆಯೇ. ಕ್ವಾರಿ ಪುಡಿ (ಕಲ್ಲು ಒಡೆದಾಗ ಬರುವ ಮರಳಿನಂಥ ಪುಡಿ) ಬೆರೆಸಿ, ಮತ್ತೆ ಬಾಟಲಿಗೆ ಹಾಕಿ, ಅಳತೆ ಸರಿಬರುವ ತನಕ ಹಾಗೇ ಮಾಡಿದೆವು. ಎರೆ ಮಣ್ಣಿದ್ದರೆ ಈ ದಾರಿ ಬಿಡಿ. ಅದು ನೀರು ಕುಡಿದು ಊದುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ.

ಮಣ್ಣನ್ನು ಜರಡಿ ಹಿಡಿದು, ಒಣಗಿದ್ದಾಗಲೇ ಸಿಮೆಂಟ್ ಬೆರೆಸಿ. ತೂಕದಲ್ಲಿ ನೂರಕ್ಕೆ 7 ಪಾಲು ಸಾಕು. ಬಾಂಡ್ಲಿ ಲೆಕ್ಕದಲ್ಲಿ ಹಾಕುವುದಾದರೆ ಮೊದಲು ಒಂದು ಬಾಂಡ್ಲಿ ಮಣ್ಣು ಎಷ್ಟು ತೂಗುತ್ತದೆ ನೋಡಿಕೊಳ್ಳಿ, ಸುಮ್ನೆ ಅಂದಾಜಿಗೆ ಬಿಡಬೇಡಿ. 230×190×100 ಮಿ.ಮೀ. ಅಳತೆಯ ಇಟ್ಟಿಗೆ ಒಂದು 50 ಕೆಜಿ ಸಿಮೆಂಟ್ ಚೀಲಕ್ಕೆ 80ರಿಂದ 90 ಬರುತ್ತದೆ. ನೂರು ಚದರ ಅಡಿ ಗೋಡೆಗೆ ಸುಮಾರು 350 ಬೇಕು.

ನೀರನ್ನು ಚಿಮುಕಿಸಿ ಹಾಕಬೇಕು, ಸುರಿಯಬಾರದು. ಸಾಕಾಯಿತೋ ಇಲ್ಲವೋ ತಿಳಿಯಲು ಕಲಸಿದ ಮಣ್ಣನ್ನು ಅಂಗೈಯಲ್ಲಿ ಉಂಡೆ ಕಟ್ಟಿ, ಭುಜದ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಡಿ. ನಾಲ್ಕೈದು ತುಂಡಾದರೆ ಹದ ಬಂದಿದೆ. ಪುಡಿಪುಡಿಯಾದರೆ ನೀರು ಕಮ್ಮಿ. ಒಡೆಯದೆ ಸಗಣಿಯ ಹಾಗೆ ಚಪ್ಪಟೆಯಾಗಿ ಕೂತರೆ ನೀರು ಜಾಸ್ತಿ. ಪ್ರತಿ ಸಲ ಕಲಸಿದಾಗಲೂ ಹೀಗೆ ಉಂಡೆ ಬೀಳಿಸಿ ನೋಡಿ. ನೀರು ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಅಷ್ಟನ್ನೂ ಒತ್ತಿ ಮುಗಿಸಿ, ಇಲ್ಲದಿದ್ದರೆ ಸಿಮೆಂಟ್ ಕಚ್ಚಲು ಶುರುವಾಗುತ್ತದೆ.

ಇನ್ನು ಕ್ಯೂರಿಂಗ್, ಅಂದರೆ ಒತ್ತಿದ ಇಟ್ಟಿಗೆಯನ್ನು ಒದ್ದೆಯಾಗಿಟ್ಟು ಗಟ್ಟಿ ಮಾಡುವುದು. ನಮ್ಮ ಮೊದಲ 400 ಇಟ್ಟಿಗೆ ಕೆಟ್ಟಿದ್ದು ಇಲ್ಲೇ. ಏಪ್ರಿಲ್ ಬಿಸಿಲು, ಮೇಲೆ ಏನೂ ಹೊದಿಸಿರಲಿಲ್ಲ, ದಿನಕ್ಕೆ ಒಂದು ಸಲ ಪೈಪು ಹಿಡಿದರೆ ಸಾಕು ಅಂದುಕೊಂಡಿದ್ದೆವು. ವಾರದಲ್ಲಿ ಅಂಚುಗಳನ್ನು ಬೆರಳಲ್ಲಿ ಉಜ್ಜಿದರೆ ಸಕ್ಕರೆ ಥರ ಉದುರುತ್ತಿತ್ತು. ಅಷ್ಟನ್ನೂ ಒಡೆದು ನೆಲದ ಕೆಳಗೆ ತುಂಬಿಸಿದ್ದು ಈಗಲೂ ನೆನಪಾಗಿ ಬೇಜಾರಾಗುತ್ತದೆ. ಎರಡನೇ ಸಲ ಜೋಡಿಸಿದ ಕೂಡಲೇ ಪ್ಲಾಸ್ಟಿಕ್ ಶೀಟ್ ಹೊದಿಸಿ, ಮಾರನೇ ದಿನದಿಂದ ಹುಲ್ಲು, ಗೋಣಿಚೀಲ ಮುಚ್ಚಿ, ಬೆಳಿಗ್ಗೆ ಸಂಜೆ ನೀರು ಚಿಮುಕಿಸಿದೆವು. 21 ದಿನ ಕಡ್ಡಾಯ, 28 ಆದರೆ ಇನ್ನೂ ಒಳ್ಳೆಯದು. ಆಮೇಲೆ ಒಂದು ಇಟ್ಟಿಗೆಯನ್ನು ಇಡೀ ದಿನ ನೀರಲ್ಲಿ ಮುಳುಗಿಸಿ ಮೊಳೆಯಿಂದ ಗೀರಿ ನೋಡಿ. ಮಣ್ಣು ಕೆಸರಾಗಿ ಬಂದರೆ ಗೋಡೆಗೆ ಹಾಕಬೇಡಿ. ಹತ್ತಿರದ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್‌ನಲ್ಲಿ ಒತ್ತಡದ ಪರೀಕ್ಷೆಯನ್ನೂ ಮಾಡಿಸಿ. ನೆನೆದ ಇಟ್ಟಿಗೆ ಚದರ ಸೆಂಟಿಮೀಟರಿಗೆ 35 ಕೆಜಿ ತಡೆದರೆ ಧೈರ್ಯವಾಗಿ ಕಟ್ಟಬಹುದು.

ಕಟ್ಟುವಾಗ ನೆಲದಿಂದ ಒಂದೂವರೆ ಅಡಿ ತನಕ ಸೈಜುಗಲ್ಲು ಬರಲಿ. ಚಿಮ್ಮುವ ಮಳೆನೀರು ಮೊದಲು ತಿನ್ನುವುದು ಗೋಡೆಯ ಬುಡವನ್ನೇ. ಸೂರು, ಸಜ್ಜಾ ಎರಡಡಿ ಮುಂದೆ ಚಾಚಲಿ. ಗಾರೆಗೆ ಬರೀ ಸಿಮೆಂಟ್ ಮರಳು ಬೇಡ. ಅದರಲ್ಲಿ ಜರಡಿ ಹಿಡಿದ ಮಣ್ಣನ್ನೂ ಸೇರಿಸಿದರೆ ಇಟ್ಟಿಗೆಗೆ ಚೆನ್ನಾಗಿ ಕಚ್ಚುತ್ತದೆ. ವೈರಿಂಗ್ ಪೈಪು ಎಲ್ಲೆಲ್ಲಿ ಎಂದು ಮೊದಲೇ ನಕ್ಷೆ ಬರೆಸಿಕೊಳ್ಳಿ. ಕಟ್ಟಿದ ಮೇಲೆ ಕಟರ್ ಹಾಕಿದರೆ ಗೋಡೆಯ ಅಂದವೆಲ್ಲ ಹೋಗುತ್ತದೆ.

ಒಳಗೆ ಪ್ಲಾಸ್ಟರಿಂಗ್ ಬೇಕಿಲ್ಲ, ಬಚ್ಚಲಿಗೆ ಮಾತ್ರ ಟೈಲ್ಸ್ ಹಾಕಿಸಿ. ಬರಿಯ ಮಣ್ಣಿನ ಗೋಡೆಯ ಕೆಳಗೆ ರೆಡ್ ಆಕ್ಸೈಡ್ ನೆಲ ಎಷ್ಟು ಚೆನ್ನಾಗಿ ಕಾಣುತ್ತದೆ ಎಂದರೆ ಬಂದವರೆಲ್ಲ ಚಪ್ಪಲಿ ಬಿಟ್ಟು ನೆಲ ಮುಟ್ಟಿ ನೋಡುತ್ತಾರೆ. ಅದನ್ನು ನಯವಾಗಿ ಉಜ್ಜುವ ಹಳೇ ಕೈಗಳು ಈಗ ಕಮ್ಮಿ, ಮೇಸ್ತ್ರಿಯನ್ನು ಮೊದಲೇ ಹುಡುಕಿಟ್ಟುಕೊಳ್ಳಿ.

ದೀಪಾವಳಿ ಕಳೆದು ಮಳೆ ನಿಂತ ಮೇಲೆ ಒತ್ತುವ ಕೆಲಸ ಶುರುಮಾಡಿ. ಮುಗಿದ ಮೇಲೆ ಒಂದು ಐವತ್ತು ಇಟ್ಟಿಗೆ ಮೂಲೆಯಲ್ಲಿ ಜೋಡಿಸಿಡಿ. ಮುಂದೆ ಕಿಟಕಿ ಬದಲಿಸಿದರೋ ಕಾಂಪೌಂಡ್ ಏರಿಸಿದರೋ ಅದೇ ಬಣ್ಣದ ಇಟ್ಟಿಗೆ ಅಂಗಡಿಯಲ್ಲಿ ಸಿಗುವುದಿಲ್ಲ.